ಹಳೆಯ ಕಾರಿಗೆ ಎಪಾಕ್ಸಿ ಪ್ರೈಮರ್: ಸಿದ್ಧ ಬಣ್ಣ, ಅಂಗಡಿಯ ಟಿಂಟ್, ಸ್ವಂತ ಬೆರಕೆ

ಎಪಾಕ್ಸಿ ಪ್ರೈಮರ್ ಎಂದರೆ ತುಕ್ಕು ತಡೆಯಲು ಲೋಹಕ್ಕೆ ಮೊದಲು ಹೊಡೆಯುವ ಪದರ; ಡಬ್ಬದಲ್ಲಿನ ರಾಳಕ್ಕೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಹೊಡೆಯಬೇಕು. ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾರಿನ ತಳಕ್ಕೆ ಕಾರ್ಖಾನೆಯಿಂದ ಬಂದಾಗ ಇದ್ದ ಬಣ್ಣದ ಪ್ರೈಮರೇ ಬೇಕು ಎನ್ನುವವರಿಗೆ, ಒಂದೇ ಕಂಪನಿಯ ಒಂದೇ ಸರಣಿಯ ಕೆಂಪು ಆಕ್ಸೈಡ್ (ಕಬ್ಬಿಣದ ಆಕ್ಸೈಡಿನ ಕೆಂಪು), ಕಪ್ಪು, ಬಿಳಿ ಎಪಾಕ್ಸಿಗಳನ್ನು ತಂದು ತಾವೇ ಬೆರೆಸಿಕೊಳ್ಳುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಸಿದ್ಧ ಬಣ್ಣದ ಡಬ್ಬವನ್ನು ಬಳಸಿದ್ದೇನೆ. ಅಂಗಡಿಯವರು ಯಂತ್ರದಲ್ಲಿ ಅಳೆದು ಟಿಂಟ್ (ಬಣ್ಣ ಕೊಡಲು ಬೆರೆಸುವ ಸಾಂದ್ರ ದ್ರವ) ಹಾಕಿಕೊಟ್ಟದ್ದನ್ನೂ ಬಳಸಿದ್ದೇನೆ. ಅದನ್ನು ಕೆರೆದು ತೆಗೆದ ಮೇಲೆಯೇ ಈ ಮೂರನೆಯ ದಾರಿಗೆ ಬಂದದ್ದು.

ಮೇಲೆ ಬಣ್ಣ ಬಳಿಯುವ ಪ್ರೈಮರಿಗೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. 1960ರ ದಶಕದ ಎಷ್ಟೋ ಕಾರುಗಳ ತಳಭಾಗಕ್ಕೆ ಪೂರ್ತಿ ಬಣ್ಣವನ್ನೇ ಹೊಡೆಯುತ್ತಿರಲಿಲ್ಲ. ಪ್ರೈಮರ್ ಹಾಗೆಯೇ ಕಾಣುತ್ತಿತ್ತು, ಅಂಚುಗಳಲ್ಲಿ ಮಾತ್ರ ಮೈಬಣ್ಣದ ತುಂತುರು ಬಿದ್ದಿರುತ್ತಿತ್ತು. ಫೋರ್ಡ್ ಮಸ್ಟಾಂಗ್ ಡಿಯರ್‌ಬಾರ್ನ್, ಸ್ಯಾನ್ ಹೊಸೆ, ಮೆಟಚನ್ ಎಂಬ ಮೂರು ಕಡೆ ತಯಾರಾಗುತ್ತಿತ್ತು. ಕೆಂಪು ಆಕ್ಸೈಡ್ ತಳ ಅದರ ಗುರುತೇ ಆಗಿದ್ದರೂ, ಕಾರ್ಖಾನೆಯಿಂದ ಕಾರ್ಖಾನೆಗೆ, ವರ್ಷದಿಂದ ವರ್ಷಕ್ಕೆ ಛಾಯೆ ಬದಲಾಗುತ್ತಿತ್ತು. ಕಾರನ್ನು ಲಿಫ್ಟಿನ ಮೇಲೆ ಎತ್ತಿದಾಗ ಇಟ್ಟಿಗೆ ಕೆಂಪು ಕಾಣುವುದಕ್ಕೂ ಮಂಕಾದ ಕಂದುಗೆಂಪು ಕಾಣುವುದಕ್ಕೂ ಬಹಳ ಅಂತರವಿದೆ. ಹಳೆಯದನ್ನು ಹಳೆಯದರಂತೆಯೇ ಉಳಿಸುವುದು ನಮ್ಮ ಕೆಲಸವಾದರೆ, ಈ ಅಂತರವನ್ನು ಬಿಡಲಾಗದು.

ಹೋಲಿಕೆಗೆ ಮಾದರಿ ಬೇಕು. ಬಿಸಿಲು, ಎಣ್ಣೆ, ಕೊಳೆ ತಾಗದ ಮೂಲ ಪ್ರೈಮರ್ ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲ ಪಕ್ಕದ ಒಳಹಲಗೆಯ ಅಡಿಯಲ್ಲಿ, ರಬ್ಬರ್ ಗ್ಯಾಸ್ಕೆಟ್ ಕೂತ ಜಾಗದಲ್ಲಿ ಸಿಗುತ್ತದೆ. ಮೃದುವಾದ ಸಾಬೂನು ನೀರಿನಿಂದ ಒರೆಸಿದರೆ ಸಾಕು. ಪಾಲಿಶ್ ಹಾಕಿ ಉಜ್ಜಿದರೆ ಹೊಳಪು ಬಂದು ಮಾದರಿಯೇ ಕೆಡುತ್ತದೆ.

ಸಿದ್ಧ ಬಣ್ಣದ ಡಬ್ಬದ ಬಗ್ಗೆ ದೂರೇನಿಲ್ಲ, ಬಣ್ಣವೊಂದನ್ನು ಬಿಟ್ಟು. ಹಿಡಿತ ಗಟ್ಟಿ, ತೇವ ಒಳಗಿಳಿಯುವುದಿಲ್ಲ, ಅದರ ಮೇಲೆ ಪುಟ್ಟಿ ಎಳೆಯಬಹುದು. ಆದರೆ ಕೆಂಪು ಆಕ್ಸೈಡ್ ವರ್ಣದ್ರವ್ಯದ ಛಾಯೆ ಅದರ ಕಣಗಳ ಗಾತ್ರವನ್ನು ಅವಲಂಬಿಸಿದೆ. ಕಣ ಸಣ್ಣದಿದ್ದರೆ ಹಳದಿಗೆ ವಾಲಿದ ಕೆಂಪು, ದೊಡ್ಡದಿದ್ದರೆ ನೇರಳೆಗೆ ವಾಲಿದ ಕೆಂಪು. ಕಂಪನಿ ತನಗೆ ಬೇಕಾದ ದರ್ಜೆಯನ್ನು ಹಾಕಿರುತ್ತದೆ, ನಮ್ಮ ಕಾರಿನ ಕಾರ್ಖಾನೆ ಅಂದು ಬಳಸಿದ್ದನ್ನಲ್ಲ. ನಾನು ತಂದದ್ದು ಮಾದರಿಗಿಂತ ಎದ್ದು ಕಾಣುವಷ್ಟು ಕಿತ್ತಳೆಯಾಗಿತ್ತು.

ಬೂದು ಎಪಾಕ್ಸಿ ಹೊಡೆದು, ಅದರ ಮೇಲೆ ಸಾಧಾರಣ ಲ್ಯಾಕರ್ ಪ್ರೈಮರಿನಿಂದ ಬಣ್ಣ ಕೊಡುವ ಪದ್ಧತಿಯೂ ಇದೆ. ಒಂದು ಕಲ್ಲು ಬಡಿದರೆ ಒಳಗಿನ ಬೂದು ಇಣುಕುತ್ತದೆ. ನನಗೆ ಒಗ್ಗಲಿಲ್ಲ.

ಇನ್ನು ಅಂಗಡಿಯ ಟಿಂಟ್. ಮಾದರಿಯ ತುಣುಕನ್ನು ಯಂತ್ರಕ್ಕೆ ಹಿಡಿದು, ಬಿಳಿ ಎಪಾಕ್ಸಿಗೆ ಟಿಂಟ್ ಸೇರಿಸಿ, ಅಲ್ಲಾಡಿಸಿ ಕೊಟ್ಟರು. ಹೇಳಿದ ಪ್ರಮಾಣದಲ್ಲಿ ಹಾರ್ಡನರ್ ಬೆರೆಸಿ, ಹೇಳಿದಷ್ಟು ಹೊತ್ತು ಇಟ್ಟು ಹೊಡೆದರೂ ಆ ಪದರ ಗಟ್ಟಿಯಾಗಲೇ ಇಲ್ಲ. ವಾರ ಕಳೆದರೂ ಉಗುರು ಊರಿದರೆ ಗೆರೆ ಬೀಳುತ್ತಿತ್ತು. ಚಳಿಯಿಂದ ಹೀಗಾಗಿದೆ ಎಂದರು. ಎಪಾಕ್ಸಿಗೆ ಚಳಿ ಆಗದು ಎಂಬುದು ನಿಜವೇ, ಲೋಹ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಎಷ್ಟೋ ಎಪಾಕ್ಸಿಗಳ ರಾಸಾಯನಿಕ ಕ್ರಿಯೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ಆದರೆ ಅದೇ ದಿನ, ಅದೇ ಕೋಣೆಯಲ್ಲಿ, ಅದೇ ಹಾರ್ಡನರಿನಿಂದ ಟಿಂಟ್ ಇಲ್ಲದ ಎಪಾಕ್ಸಿಯನ್ನು ಇನ್ನೊಂದು ತಗಡಿಗೆ ಹೊಡೆದಿದ್ದೆ, ಅದು ಕಲ್ಲಿನಂತಾಗಿತ್ತು. ಅವರು ಹಾಕಿದ್ದು ಎಲ್ಲ ಬಗೆಯ ಬಣ್ಣಕ್ಕೂ ಒಂದೇ ಎಂಬಂತೆ ಬಳಸುವ ಸಾಮಾನ್ಯ ಟಿಂಟ್. ಅಂಥವುಗಳಲ್ಲಿ ವರ್ಣದ್ರವ್ಯವನ್ನು ಹೊತ್ತಿರುವುದು ಹೆಚ್ಚಾಗಿ ಗ್ಲೈಕಾಲ್. ಅದು ಎಪಾಕ್ಸಿ ರಾಳದೊಂದಿಗೂ ಹಾರ್ಡನರಿನಲ್ಲಿರುವ ಅಮೈನ್ ಎಂಬ ರಾಸಾಯನಿಕದೊಂದಿಗೂ ಬೆಸೆದುಕೊಳ್ಳದೆ ಪದರದೊಳಗೆ ಮೆತ್ತಗೆ ಉಳಿದುಬಿಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ತುಕ್ಕು ತಡೆಯಲೆಂದೇ ಹೊಡೆಯುವ ಪದರ ನೀರನ್ನು ಕರೆಯುವಂತಾದರೆ ಮಾಡಿದ ಕೆಲಸಕ್ಕೆ ಏನರ್ಥ?

ಎಪಾಕ್ಸಿ ತಯಾರಿಸಿದ ಕಂಪನಿಯೇ ಒಪ್ಪಿದ ಟಿಂಟನ್ನು, ತಾಂತ್ರಿಕ ಹಾಳೆಯಲ್ಲಿ ಹೇಳಿದ ಮಿತಿಯೊಳಗೆ ಹಾಕಿಕೊಡುವ ಅಂಗಡಿಯಾದರೆ ಈ ಮಾತು ಅನ್ವಯಿಸದು. ಅಲ್ಲಿಯೂ ಆ ಮಿತಿ ಚಿಕ್ಕದು. ಬಿಳಿಯಿಂದ ಹೊರಟು ಗಾಢ ಕಂದುಗೆಂಪನ್ನು ಆ ಮಿತಿಯೊಳಗೆ ತಲುಪುವುದು ಕಷ್ಟ.

ಸ್ವಂತ ಬೆರಕೆ ಗೆಲ್ಲುವುದು ಇಲ್ಲಿಯೇ. ಮೂರು ಡಬ್ಬಗಳಲ್ಲೂ ಇರುವುದು ಅದೇ ರಾಳ, ಮೂರಕ್ಕೂ ಒಂದೇ ಹಾರ್ಡನರ್, ಒಂದೇ ಪ್ರಮಾಣ. ಎಷ್ಟು ಬೆರೆಸಿದರೂ ಪದರದ ಗಟ್ಟಿತನಕ್ಕೆ ಕುಂದಿಲ್ಲ. ಕೆಂಪನ್ನು ಮೊದಲು ತೂಗಿ, ಕಪ್ಪನ್ನು ಹನಿಹನಿಯಾಗಿ ಸೇರಿಸುತ್ತೇನೆ; ಕಾರ್ಬನ್ ಕಪ್ಪಿನ ಶಕ್ತಿ ಬಹಳ, ಹೆಚ್ಚಾದರೆ ಹಿಂತೆಗೆಯಲಾಗದು. ಬಿಳಿಯನ್ನು ಇನ್ನೂ ಜಿಪುಣತನದಿಂದ ಬಳಸುತ್ತೇನೆ, ಏಕೆಂದರೆ ಟೈಟಾನಿಯಂ ಡೈಆಕ್ಸೈಡ್ ಸ್ವಲ್ಪ ಜಾಸ್ತಿಯಾದರೂ ಕೆಂಪು ಆಕ್ಸೈಡ್ ಗುಲಾಬಿಗೆ ತಿರುಗುತ್ತದೆ. 0.1 ಗ್ರಾಂ ತೋರಿಸುವ ತಕ್ಕಡಿ ಸಾಕು. ಒಂದು ಎಚ್ಚರಿಕೆ: ಬಣ್ಣಗಳನ್ನು ತಮ್ಮತಮ್ಮೊಳಗೆ ತೂಕದಲ್ಲಿ ಬೆರೆಸಿದರೂ, ಹಾರ್ಡನರಿನ ಪ್ರಮಾಣವನ್ನು ಕಂಪನಿ ಗಾತ್ರದಲ್ಲಿ ಹೇಳಿದ್ದರೆ ಗಾತ್ರದಲ್ಲಿಯೇ ಅಳೆಯಬೇಕು. ವರ್ಣದ್ರವ್ಯ ತುಂಬಿದ ರಾಳ ಹಾರ್ಡನರಿಗಿಂತ ಭಾರ. ಸಮ ಗಾತ್ರವೆಂಬುದು ಸಮ ತೂಕವಾಗುವುದಿಲ್ಲ.

ಈ ದಾರಿಯಲ್ಲಿಯೂ ನನ್ನನ್ನು ಬಹಳ ಕಾಡಿದ ಒಂದು ತೊಡಕಿದೆ: ಹೊಳಪು.

ಡಬ್ಬದಲ್ಲಿ ಮಾದರಿಗೆ ಸರಿಹೊಂದಿದ್ದ ಬಣ್ಣ ತಗಡಿನ ಮೇಲೆ ಒಣಗಿದಾಗ ಬೇರೆಯೇ ಆಗಿರುತ್ತದೆ. ಒಂದು ಕಾರಣ ಸರಳ. ಎಷ್ಟೋ ಹಾರ್ಡನರುಗಳು ಜೇನಿನ ಬಣ್ಣದವು, ಬೆರೆಸಿದೊಡನೆ ಛಾಯೆ ಬದಲಾಗುತ್ತದೆ. ಹಾಗಾಗಿ ಹಾರ್ಡನರ್ ಸೇರಿಸದ ಬಣ್ಣವನ್ನು ಹೋಲಿಸುವುದು ವ್ಯರ್ಥ. ಸ್ವಲ್ಪವೇ ಬೆರೆಸಿ, ಪ್ರೈಮರ್ ಹೊಡೆಯುವ ಸ್ಪ್ರೇ ಗನ್ನಿನಿಂದಲೇ ಸಣ್ಣ ತಗಡಿಗೆ ಹೊಡೆದು, ರಾತ್ರಿ ಕಳೆದ ಮೇಲೆ ನೋಡಬೇಕು. ಇದಕ್ಕೆ ತಾಳ್ಮೆಯೊಂದಿದ್ದರೆ ಆಯಿತು.

ಎರಡನೆಯ ಕಾರಣ ಹಟಮಾರಿ. ಹಳೆಯ ಪ್ರೈಮರ್ ಪೂರ್ತಿ ಮಂಕು, ಎಪಾಕ್ಸಿ ಒಣಗುವುದು ಅರೆಹೊಳಪಿಗೆ. ಮಂಕು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಒಂದಂಶವನ್ನು ಬಿಳಿಯಾಗಿಯೇ ಎಲ್ಲ ದಿಕ್ಕಿಗೂ ಚೆದುರಿಸುತ್ತದೆ, ಆದ್ದರಿಂದ ಬಣ್ಣ ತಿಳಿಯಾಗಿ ಕಾಣುತ್ತದೆ. ನಯವಾದ ಮೇಲ್ಮೈಯಲ್ಲಿ ಆ ಬಿಳುಪು ಒಂದೇ ಕಡೆಗೆ ಹೋಗಿಬಿಡುತ್ತದೆ, ಉಳಿದ ಕಡೆಯಿಂದ ಬಣ್ಣ ಗಾಢ. ಮಳೆ ಬಿದ್ದ ಕೆಮ್ಮಣ್ಣು ಒಣ ಮಣ್ಣಿಗಿಂತ ಕಪ್ಪಾಗಿ ಕಾಣುವಂತೆ, ಅದೇ ವರ್ಣದ್ರವ್ಯ ಎಪಾಕ್ಸಿಯಲ್ಲಿ ಕಪ್ಪಾಗಿ ಕಂಡಿತು. ಹೊಳಪಿನ ಬೆಳಕನ್ನೂ ಸೇರಿಸಿ ಅಳೆಯುವ ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಅದರ ಅಂಕಿಗಳು ಹೊಂದಿಕೊಂಡಿದ್ದರೂ ಕಣ್ಣು ಒಪ್ಪುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಎಲ್ಲವೂ ಸಮವಲ್ಲ. ಗನ್ನನ್ನು ದೂರ ಹಿಡಿದು ಒಣತುಂತುರು ಹೊಡೆದರೆ ಮಂಕೇನೋ ಬರುತ್ತದೆ, ಆದರೆ ಪದರ ಜಾಳಾಗಿ ರಕ್ಷಣೆ ತಗ್ಗುತ್ತದೆ, ಬೇಡವೇ ಬೇಡ. ಗಟ್ಟಿಯಾದ ಮೇಲೆ ಬೂದು ಸ್ಕಾಚ್‌ಬ್ರೈಟ್‌ನಿಂದ ಉಜ್ಜಿದರೆ ಸಪಾಟಾದ ಜಾಗದಲ್ಲಿ ಚೆನ್ನ. ತಳದ ಹಲಗೆಯ ಉಬ್ಬುತಗ್ಗು, ಮೂಲೆ, ಬೆಸುಗೆಯ ಅಂಚುಗಳಲ್ಲಿ ಕೈ ಸಮನಾಗಿ ಓಡುವುದಿಲ್ಲ, ತೇಪೆತೇಪೆಯಾಗಿ ಕಾಣುತ್ತದೆ. ಕೊನೆಗೆ ನೆಲೆನಿಂತದ್ದು ಅದೇ ಕಂಪನಿ ಈ ಎಪಾಕ್ಸಿಗೆಂದೇ ಮಾರುವ, ಸಿಲಿಕಾ ಆಧಾರದ ಹೊಳಪು ತಗ್ಗಿಸುವ ಪೇಸ್ಟ್. ಅದನ್ನು ಕೊನೆಯ ಪದರಕ್ಕೆ ಮಾತ್ರ ಹಾಕುತ್ತೇನೆ. ಕೆಳಗಿನ ಪದರಗಳು ಶುದ್ಧ ಎಪಾಕ್ಸಿಯಾಗಿಯೇ ಇರಬೇಕು. ಬಣ್ಣ ಹೊಂದಿಸುವುದನ್ನೂ ಪೇಸ್ಟ್ ಸೇರಿಸಿದ ಮೇಲೆಯೇ ಮಾಡಬೇಕು, ಏಕೆಂದರೆ ಪೇಸ್ಟ್ ಬಣ್ಣವನ್ನು ಒಂದಿಷ್ಟು ತಿಳಿಯಾಗಿಸುತ್ತದೆ. ಈ ಕ್ರಮ ಹಿಡಿದ ಮೇಲೆ ಮಾದರಿಯ ಪಕ್ಕದಲ್ಲಿಟ್ಟ ತಗಡು ಯಾವುದು, ಮಾದರಿ ಯಾವುದು ಎಂದು ಹುಡುಕಬೇಕಾಯಿತು.

ಬೆಳಕಿನ ವಿಷಯ ಚಿಕ್ಕದು. ಹಗಲಿನ ಬೆಳಕಲ್ಲೂ ಹಳದಿ ಬಲ್ಬಿನಲ್ಲೂ ನೋಡಬೇಕು. ಹಳೆಯ ಪ್ರೈಮರಿನಲ್ಲಿ ಇದ್ದದ್ದು ಕಬ್ಬಿಣದ ಆಕ್ಸೈಡ್, ನಮ್ಮ ಬೆರಕೆಯಲ್ಲೂ ಅದೇ ಇರುವುದರಿಂದ ಎರಡೂ ಬೆಳಕಿನಲ್ಲಿ ಹೊಂದಿಕೆ ನಿಲ್ಲುತ್ತದೆ. ಬೇರೆ ಕೆಂಪು ಟಿಂಟುಗಳಿಂದ ಸಾಧಿಸಿದ ಬಣ್ಣ ಬಲ್ಬಿನಡಿ ಕೈಕೊಡಬಹುದು.

ಮೂರು ದಾರಿಗಳಿಗೂ ಸಮಾನವಾದ ನಿಯಮಗಳಿವೆ. ಆಮ್ಲವಿರುವ ತುಕ್ಕುನಿವಾರಕವನ್ನೋ ಎಚ್ (etch) ಪ್ರೈಮರ್ ಎಂಬ, ಆಮ್ಲದಿಂದ ಲೋಹವನ್ನು ಕೊರೆದು ಹಿಡಿಯುವ ಪ್ರೈಮರನ್ನೋ ಬಳಿದ ಲೋಹದ ಮೇಲೆ ಎಪಾಕ್ಸಿ ಬೇಡ, ಉಳಿದ ಆಮ್ಲ ಅಮೈನನ್ನು ಕೆಡಿಸುತ್ತದೆ. ಮೇಲಿನ ಪದರಕ್ಕೆ ಕೊಟ್ಟ ಅವಧಿ ಮೀರಿದರೆ ಉಜ್ಜದೆ ಹೊಡೆಯಬಾರದು. ಎಪಾಕ್ಸಿಯಲ್ಲಿ ಐಸೊಸಯನೇಟ್ (ಕೆಲವು ಕಾರು ಬಣ್ಣಗಳ ಹಾರ್ಡನರಿನಲ್ಲಿರುವ, ಉಸಿರಾಟಕ್ಕೆ ಅಪಾಯದ ರಾಸಾಯನಿಕ) ಇಲ್ಲವೆಂದು ಮಾಸ್ಕ್ ಬಿಡಬೇಡಿ: ದ್ರಾವಕದ ಆವಿಗೆ ತಕ್ಕ ಫಿಲ್ಟರ್ ಬೇಕು, ಅಮೈನ್ ಚರ್ಮಕ್ಕೆ ಅಲರ್ಜಿ ತರುತ್ತದೆ, ನೈಟ್ರೈಲ್ ಕೈಗವಸು ಕಡ್ಡಾಯ.

ಸ್ವಂತ ಬೆರಕೆಗೇ ಖರ್ಚು ಹೆಚ್ಚು, ಒಂದರ ಬದಲು ಮೂರು ಡಬ್ಬ ಕೊಳ್ಳಬೇಕು. ಆದರೆ ನನ್ನದು ಬಿಡುವಿನ ವೇಳೆಯಲ್ಲಿ ತುಂಡುತುಂಡಾಗಿ ನಡೆಯುವ ಕೆಲಸ. ಇಂದು ತಳ, ತಿಂಗಳುಗಳ ನಂತರ ಬಾಗಿಲ ಒಳಭಾಗ. ಬರೆದಿಟ್ಟ ತೂಕದಿಂದ ಅದೇ ಬಣ್ಣ ಮತ್ತೆ ಹುಟ್ಟಬೇಕು, ಹಾರ್ಡನರ್ ಸೇರದ ಡಬ್ಬ ಕಪಾಟಿನಲ್ಲಿ ಕಾಯಬೇಕು. ಉಳಿದ ಕಪ್ಪು ಸಸ್ಪೆನ್ಷನ್ ಭಾಗಗಳಿಗೆ ಹೋಗುತ್ತದೆ, ಕಪ್ಪು ಬಿಳಿ ಬೆರೆಸಿದ ಬೂದು ಮೈಬಣ್ಣದ ಅಡಿಗೆ ಹೋಗುತ್ತದೆ. ಇಡೀ ಕಾರನ್ನು ಒಂದೇ ಸಲಕ್ಕೆ ಮುಗಿಸುವವರು, ತಳಕ್ಕೆ ಹೇಗೂ ಕಪ್ಪು ಅಂಡರ್‌ಕೋಟಿಂಗ್ ಬಳಿಯುವವರು ಸಿದ್ಧ ಡಬ್ಬವನ್ನೇ ತರಲಿ. ಬೆರೆಸಲು ಹೊರಟವರು ಕೆಂಪನ್ನು ಮಾತ್ರ ದೊಡ್ಡ ಡಬ್ಬದಲ್ಲಿ ಕೊಳ್ಳಿ, ಬಿಳಿಯ ಅತಿ ಚಿಕ್ಕ ಡಬ್ಬವೂ ಮಿಕ್ಕುತ್ತದೆ.