ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್: ಗೋಲಿ ಮಗನೊಂದಿಗೆ ಪ್ಯಾಟ್ರಿಕ್ ರುವಾ ಅವರನ್ನು ಹುಡುಕುತ್ತಾ

ಟೊರಾಂಟೊದ ಯಂಗ್ ಮತ್ತು ಫ್ರಂಟ್ ರಸ್ತೆಗಳು ಕೂಡುವ ಮೂಲೆಯಲ್ಲಿ ಬ್ಯಾಂಕ್ ಆಫ್ ಮಾಂಟ್ರಿಯಲ್ 1885ರಲ್ಲಿ ಕಟ್ಟಿಸಿದ ಕಟ್ಟಡವೊಂದಿದೆ. ಹೊರಗಿನಿಂದ ನೋಡಿದವರು ಇದನ್ನು ಇಂದಿಗೂ ಬ್ಯಾಂಕೆಂದೇ ತಿಳಿದಾರು, ಆದರೆ 1993ರಿಂದ ಇದು ಐಸ್ ಹಾಕಿಯ ದಿಗ್ಗಜರನ್ನು ಗೌರವಿಸುವ ಹಾಕಿ ಹಾಲ್ ಆಫ್ ಫೇಮ್‌ನ ಭಾಗವಾಗಿದೆ. ಮಿಸಿಸಾಗಾದಲ್ಲಿ ಹತ್ತು ವರ್ಷಗಳಿಂದ ನೆಲೆಸಿರುವ ನಾವು ಅದರ ಮುಂದೆ ಎಷ್ಟೋ ಸಲ ಹಾದುಹೋಗಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಈ ಸಲ ಮಾರ್ಚ್ ರಜೆಯಲ್ಲಿ ಹೋಗಲು ಕಾರಣನಾದವನು ಎರಡು ಚಳಿಗಾಲಗಳಿಂದ ತನ್ನ ತಂಡದ ಗೋಲನ್ನು ಕಾಯುತ್ತಿರುವ ನನ್ನ ಹನ್ನೊಂದು ವರ್ಷದ ಮಗ. ಇಲ್ಲಿ ಗೋಲ್‌ಕೀಪರನನ್ನು ಎಲ್ಲರೂ ‘ಗೋಲಿ’ ಎಂದೇ ಕರೆಯುತ್ತಾರೆ. ಗೋಲಿ ಆಡುವುದಕ್ಕೆ ಇಷ್ಟೊಂದು ದುಡ್ಡು ಏಕೆ ಸುರಿಯುತ್ತೀಯ ಎಂದು ಊರಿನಿಂದ ಫೋನಿನಲ್ಲಿ ಕೇಳಿದ ನನ್ನ ಅಮ್ಮನಿಗೆ ಇದು ಬೇರೆ ಗೋಲಿ ಎಂದು ತಿಳಿಸಿ ಹೇಳಲು ಬಹಳ ಹೊತ್ತು ಹಿಡಿಯಿತು.

ಪ್ರವೇಶದ ದಾರಿ ಆ ಹಳೆಯ ಬ್ಯಾಂಕಿನ ಬಾಗಿಲಲ್ಲಿಲ್ಲ. ಪಕ್ಕದ ಬ್ರೂಕ್‌ಫೀಲ್ಡ್ ಪ್ಲೇಸ್ ಕಟ್ಟಡದ ಕೆಳ ಅಂತಸ್ತಿಗೆ ಇಳಿದು ಒಳಗೆ ಹೋಗಬೇಕು. ಪೋರ್ಟ್ ಕ್ರೆಡಿಟ್‌ನಲ್ಲಿ ಗೋ ರೈಲು ಹತ್ತಿ ಯೂನಿಯನ್ ನಿಲ್ದಾಣದಲ್ಲಿ ಇಳಿದರೆ ನೆಲದಡಿಯ ದಾರಿಯಲ್ಲೇ ಇಲ್ಲಿಗೆ ನಡೆದು ಬರಬಹುದಾದ್ದರಿಂದ ಚಳಿಗಾಲದಲ್ಲಿ ಕಾರು ನಿಲ್ಲಿಸುವ ಖರ್ಚೂ ಹಿಮದ ಕಾಟವೂ ತಪ್ಪುತ್ತವೆ. ರಜೆಯ ದಿನಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಲೇಸು, ಏಕೆಂದರೆ ಹನ್ನೊಂದು ಗಂಟೆಯ ನಂತರ ಮಕ್ಕಳ ಆಟದ ಭಾಗದಲ್ಲಿ ಸಾಲು ಬೆಳೆಯುತ್ತಲೇ ಹೋಗುತ್ತದೆ.

ಮಗ ಮೊದಲು ಓಡಿದ್ದು ಅಲ್ಲಿಗೇ. ಎದುರಿನ ಪರದೆಯ ಮೇಲೆ ಆಟಗಾರನೊಬ್ಬ ನುಗ್ಗಿ ಬಂದು ಹೊಡೆಯುತ್ತಾನೆ, ಅದೇ ಕ್ಷಣಕ್ಕೆ ಯಂತ್ರದಿಂದ ಮೆತ್ತನೆಯ ಪಕ್ ಒಂದು ಹಾರಿ ಬರುತ್ತದೆ, ಗೋಲಿಯ ವೇಷದಲ್ಲಿ ನಿಂತ ಮಗು ಅದನ್ನು ತಡೆಯಬೇಕು. ನಿಜವಾದ ಪಕ್ ಒಂದು ಅಂಗುಲ ದಪ್ಪದ, ಮೂರು ಅಂಗುಲ ಅಗಲದ, ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಬಾಯಿಯನ್ನು ಅದರಿಂದ ಕಾಯುವವನಿಗೆ ಎಷ್ಟು ಧೈರ್ಯ ಬೇಕೆಂಬುದನ್ನು ಈ ಮೆತ್ತನೆಯ ಪಕ್ ತಿಳಿಸಲಾರದು. ಅದನ್ನು ತಿಳಿಯಬೇಕಾದರೆ ಮಾಸ್ಕ್‌ಗಳನ್ನು ಇಟ್ಟಿರುವ ಗಾಜಿನ ಕಪಾಟುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 1959ರ ನವೆಂಬರಿನಲ್ಲಿ ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಮುಖಕ್ಕೆ ಪೆಟ್ಟು ತಿಂದು, ಹೊಲಿಗೆ ಹಾಕಿಸಿಕೊಂಡು, ಮಾಸ್ಕ್ ಇಲ್ಲದೆ ಮತ್ತೆ ಆಡುವುದಿಲ್ಲವೆಂದು ಹಟ ಹಿಡಿದ ನಂತರವೇ ಈ ಆಟದ ಗೋಲಿಗಳು ಮಾಸ್ಕ್ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಅದಕ್ಕೆ ಮೊದಲು ಬರಿಯ ಮುಖದಲ್ಲಿ ನಿಂತವರನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಮಗ ಹುಡುಕಿಕೊಂಡು ಬಂದಿದ್ದುದು ಮಾತ್ರ ಮಾಜಿ ಗೋಲಿ ಪ್ಯಾಟ್ರಿಕ್ ರುವಾ ಅವರನ್ನು. ಇಂಗ್ಲಿಷಿನಲ್ಲಿ Roy ಎಂದು ಬರೆದ ಹೆಸರನ್ನು ನೋಡಿ ಬಂಗಾಳದ ರಾಯ್ ಎಂದುಕೊಳ್ಳಬೇಡಿ. ಇವರು 1965ರಲ್ಲಿ ಕ್ವಿಬೆಕ್ ನಗರದಲ್ಲಿ ಹುಟ್ಟಿದವರು, ಹೆಸರು ಫ್ರೆಂಚ್. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 1984ರ ಆಯ್ಕೆಯಲ್ಲಿ ಮಾಂಟ್ರಿಯಲ್ ಕನೇಡಿಯನ್ಸ್ ತಂಡ ಇವರನ್ನು 51ನೆಯವರಾಗಿ ತೆಗೆದುಕೊಂಡಿತು, ಅಂದರೆ ಐವತ್ತು ಹೆಸರುಗಳು ಕೂಗಿ ಮುಗಿಯುವವರೆಗೆ ಯಾರಿಗೂ ಇವರು ಬೇಕಿರಲಿಲ್ಲ. ಮರುವರ್ಷ ಶೆರ್‌ಬ್ರೂಕ್‌ನ ಕೆಳದರ್ಜೆಯ ತಂಡದಲ್ಲಿ ಗೋಲಿ ಕೋಚ್ ಫ್ರಾನ್ಸ್ವಾ ಅಲೇರ್ ಅವರ ಕೈಗೆ ಸಿಕ್ಕ ಈ ಹುಡುಗ, 1986ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಮಾಂಟ್ರಿಯಲ್‌ಗೆ ಲೀಗಿನ ಚಾಂಪಿಯನ್ನರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟು, ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕಾನ್ ಸ್ಮಿತ್ ಪ್ರಶಸ್ತಿಯನ್ನು ಎಲ್ಲರಿಗಿಂತ ಕಿರಿಯ ವಯಸ್ಸಿನಲ್ಲಿ ಪಡೆದರು. ಆ ಪ್ಲೇಆಫ್‌ನಲ್ಲಿ ಅವರು ಪಂದ್ಯಕ್ಕೆ ಸರಾಸರಿ ಬಿಟ್ಟುಕೊಟ್ಟದ್ದು 1.92 ಗೋಲು.

ಅಲೇರ್ ಮತ್ತು ರುವಾ ಸೇರಿ ಜನಪ್ರಿಯಗೊಳಿಸಿದ ‘ಬಟರ್‌ಫ್ಲೈ’ ಶೈಲಿಯನ್ನು ಈಗ ಪ್ರತಿ ಗೋಲಿ ಮಗುವೂ ಮೊದಲ ಪಾಠವಾಗಿ ಕಲಿಯುತ್ತದೆ. ಮಂಡಿಗಳೆರಡನ್ನೂ ಒಟ್ಟಿಗೆ ಮಂಜಿನ ಮೇಲೆ ಊರಿ, ಮೊಣಕಾಲಿನ ಕೆಳಭಾಗವನ್ನು ಇಬ್ಬದಿಗೂ ರೆಕ್ಕೆಯಂತೆ ಹರಡಿದರೆ ಗೋಲಿನ ಕೆಳಭಾಗವೆಲ್ಲ ಪ್ಯಾಡುಗಳಿಂದ ಮುಚ್ಚಿಹೋಗುತ್ತದೆ. ಪಕ್ಕನ್ನು ಬೆನ್ನಟ್ಟುವುದಕ್ಕಿಂತ ಅದು ಬರಬಹುದಾದ ಜಾಗವನ್ನು ಮೊದಲೇ ತುಂಬಿಬಿಡುವ ಲೆಕ್ಕಾಚಾರ ಇದು. ಕೇಳಲು ಸುಲಭ, ಆದರೆ ಪ್ಯಾಡಿನ ಅಳತೆ ಒಂದಿಷ್ಟು ತಪ್ಪಿದರೂ ಎಲ್ಲವೂ ಕೆಡುತ್ತದೆಂಬುದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಮೊದಲ ವರ್ಷ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಬೆಳೆಯುವ ಹುಡುಗನಲ್ಲವೇ, ದೊಡ್ಡದನ್ನೇ ತೆಗೆದುಕೊಳ್ಳಿ ಎಂಬ ಮಾತು ಕೇಳಿ ಎರಡು ಅಂಗುಲ ಉದ್ದದ ಪ್ಯಾಡು ತಂದಿದ್ದೆ. ಮಂಡಿ ಕೂರಬೇಕಾದ ಗುಳಿಯಲ್ಲಿ ಮಂಡಿ ಕೂರದೆ, ಮಗ ಕೆಳಗೆ ಕುಸಿದಾಗಲೆಲ್ಲ ಪ್ಯಾಡು ತಿರುಚಿಕೊಂಡು ಕಾಲುಗಳ ನಡುವೆ ಒಂದು ಗೇಣು ಸಂದಿ ಉಳಿಯುತ್ತಿತ್ತು, ಪಕ್ ಅದರಲ್ಲೇ ಸಲೀಸಾಗಿ ಒಳಗೆ ಹೋಗುತ್ತಿತ್ತು. ಒಂದಿಡೀ ಋತು ಅವನು ತನ್ನದೇ ತಪ್ಪೆಂದು ನಂಬಿದ್ದ. ಅಳತೆ ತಪ್ಪಿರುವುದನ್ನು ಕಂಡುಹಿಡಿದವರು ಅವನ ಕೋಚ್, ಅದೂ ಒಂದೇ ನೋಟದಲ್ಲಿ. ಅವರೂ ಒಂದು ಕಾಲದಲ್ಲಿ ಗೋಲಿಯಾಗಿದ್ದವರು.

ಮಾಜಿ ಗೋಲಿಗಳು ಗೋಲಿಗಳಿಗೆ ಕಲಿಸುವುದು ಸಾಮಾನ್ಯ. ಇಡೀ ತಂಡದ ಮುಖ್ಯ ಕೋಚ್ ಆಗುವವರು ಮಾತ್ರ ಬಹಳ ಕಡಿಮೆ. ಐದು ಜನ ಓಡಾಡುವಾಗ ಒಂದೇ ಕಡೆ ನಿಂತಿರುವವನಿಗೆ ಆಕ್ರಮಣ ಹೇಗೆ ತಿಳಿದೀತು ಎಂಬ ಅನುಮಾನ ಇದರ ಹಿಂದೆ ಇರಬಹುದು. ನನಗೆ ಈ ಅನುಮಾನ ಸರಿಕಾಣುವುದಿಲ್ಲ, ಏಕೆಂದರೆ ಅರವತ್ತು ನಿಮಿಷವೂ ಇಡೀ ಅಂಗಳವನ್ನು ಎದುರಿಗಿಟ್ಟುಕೊಂಡು ನೋಡುವ ಆಟಗಾರ ಗೋಲಿಯೊಬ್ಬನೇ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ, ನಮ್ಮೂರಿನ ಮೈದಾನದ ಹಾಕಿಯ ಫೈನಲ್ ಟೈಬ್ರೇಕರ್‌ನಲ್ಲಿ ನಮ್ಮ ಬೆಂಗಳೂರಿನ ಆಶೀಶ್ ಬಲ್ಲಾಳ್ ಕೊರಿಯದ ಎದುರು ನಿಂತದ್ದನ್ನು ಕಂಡ ನನ್ನ ವಯಸ್ಸಿನವರಿಗೆ, ಗೋಲ್‌ಕೀಪರ್ ಎಷ್ಟು ಒಂಟಿ, ಎಷ್ಟು ಎಚ್ಚರ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲಿನ ಮಹಡಿಯ ಗ್ರೇಟ್ ಹಾಲ್ ಈ ಸ್ಥಳದ ಗರ್ಭಗುಡಿ. ಹಳೆಯ ಬ್ಯಾಂಕಿನ ವ್ಯವಹಾರ ನಡೆಯುತ್ತಿದ್ದ ಈ ಸಭಾಂಗಣದ ನೆತ್ತಿಯ ಮೇಲೆ ಬಣ್ಣದ ಗಾಜಿನ ಗುಮ್ಮಟವಿದೆ. ಮಧ್ಯಾಹ್ನದ ಬೆಳಕು ಅದರ ಮೂಲಕ ಇಳಿಯುವಾಗ ಗದ್ದಲ ಮಾಡುತ್ತ ಬಂದ ಮಕ್ಕಳೂ ದನಿ ತಗ್ಗಿಸುತ್ತಾರೆ. ಸುತ್ತಲೂ ಗೌರವ ಪಡೆದವರ ಗಾಜಿನ ಫಲಕಗಳು, ನಡುವೆ ಸ್ಟ್ಯಾನ್ಲಿ ಕಪ್, ಪಕ್ಕದ ಬ್ಯಾಂಕ್ ತಿಜೋರಿಯೊಳಗೆ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಟ್ಟ ಮೂಲ ಬಟ್ಟಲು. ಕಪ್ಪನ್ನು ಹತ್ತಿರದಿಂದ ನೋಡಬಹುದು, ಮುಟ್ಟಲೂಬಹುದು. ಇಷ್ಟು ದೊಡ್ಡ ಪಾರಿತೋಷಕವನ್ನು ಸಾರ್ವಜನಿಕರ ಕೈಗೆ ಇಷ್ಟು ಸಲೀಸಾಗಿ ಬಿಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ, ಟಿಕೆಟ್ಟಿನ ದುಡ್ಡು ನನ್ನ ಪಾಲಿಗೆ ಇಲ್ಲೇ ಸಂದಿತು.

ರುವಾ ಅವರ ಫಲಕ 2006ರದು, ಆಟಗಾರರ ವಿಭಾಗದ್ದು. ಅದರ ಹಿಂದಿನ ಲೆಕ್ಕ ದೊಡ್ಡದು: 551 ಜಯ, ಪ್ಲೇಆಫ್‌ನಲ್ಲಿ 151 ಜಯ, ನಾಲ್ಕು ಸ್ಟ್ಯಾನ್ಲಿ ಕಪ್, ಶ್ರೇಷ್ಠ ಗೋಲಿಗೆ ಸಲ್ಲುವ ಮೂರು ವೆಜಿನಾ ಪ್ರಶಸ್ತಿ. ಕಾನ್ ಸ್ಮಿತ್ ಪ್ರಶಸ್ತಿಯನ್ನು ಮೂರು ಸಲ ಪಡೆದವರು ಇವರೊಬ್ಬರೇ. 1993ರ ಪ್ಲೇಆಫ್‌ನಲ್ಲಿ ಓವರ್‌ಟೈಮ್‌ಗೆ, ಅಂದರೆ ಹೆಚ್ಚುವರಿ ಸಮಯಕ್ಕೆ, ಹೋದ ಪಂದ್ಯಗಳಲ್ಲಿ ಮಾಂಟ್ರಿಯಲ್ ಸತತ ಹತ್ತನ್ನು ಗೆದ್ದಿತು. ಫೈನಲ್‌ನ ನಾಲ್ಕನೆಯ ಪಂದ್ಯದಲ್ಲಿ ಲಾಸ್ ಏಂಜಲೀಸ್‌ನ ತೊಮಾಸ್ ಸ್ಯಾಂಡ್‌ಸ್ಟ್ರಮ್ ಅವರ ಹೊಡೆತವನ್ನು ತಡೆದ ರುವಾ ಅವರತ್ತ ನೋಡಿ ಕಣ್ಣು ಮಿಟುಕಿಸಿದ್ದರು. ಗೋಲಿನ ಕಂಬಗಳೊಂದಿಗೆ ಮಾತನಾಡುವುದು, ಮಂಜಿನ ಮೇಲಿನ ಗೆರೆಗಳನ್ನು ತುಳಿಯದೆ ದಾಟುವುದು ಅವರ ನಿತ್ಯದ ನೇಮ. ನನ್ನ ಮಗ ಇದನ್ನು ಎಲ್ಲಿಂದಲೋ ತಿಳಿದುಕೊಂಡು ಈಗ ಅಡುಗೆಮನೆಯ ಟೈಲ್ಸ್ ಗೆರೆಗಳನ್ನೂ ತುಳಿಯುವುದಿಲ್ಲ.

ಅಂಕಿಗಳು ಹೇಳದ ಸಂಗತಿಯೊಂದಿದೆ. 1995ರ ಡಿಸೆಂಬರ್ 2ರಂದು ಮಾಂಟ್ರಿಯಲ್‌ನಲ್ಲೇ ಡೆಟ್ರಾಯಿಟ್ ಎದುರು ತಂಡ 11–1ರಿಂದ ಸೋತಿತು. ಕೋಚ್ ಮಾರಿಯೊ ಟ್ರೆಂಬ್ಲೆ ಅವರು ಒಂಬತ್ತು ಗೋಲು ಬಿದ್ದ ಮೇಲಷ್ಟೇ ರುವಾ ಅವರನ್ನು ಹೊರಗೆ ಕರೆಸಿಕೊಂಡರು. ಬೆಂಚಿಗೆ ಬಂದ ರುವಾ ಕೋಚ್‌ರನ್ನು ದಾಟಿ, ಹಿಂದೆ ಕುಳಿತಿದ್ದ ತಂಡದ ಅಧ್ಯಕ್ಷರ ಬಳಿ ಬಾಗಿ, ಮಾಂಟ್ರಿಯಲ್‌ಗಾಗಿ ತಾನು ಆಡುವ ಕೊನೆಯ ಪಂದ್ಯ ಇದೇ ಎಂದು ಹೇಳಿಬಿಟ್ಟರು. ನಾಲ್ಕು ದಿನಗಳಲ್ಲಿ ಅವರನ್ನು ಕೊಲೊರಾಡೊಗೆ ಕಳುಹಿಸಲಾಯಿತು. ಕೊಲೊರಾಡೊ ಎಂದರೆ ಅದೇ ವರ್ಷ ಕ್ವಿಬೆಕ್ ಬಿಟ್ಟು ಹೋಗಿದ್ದ ಅವರ ಹುಟ್ಟೂರಿನ ತಂಡ. ಆರು ತಿಂಗಳ ನಂತರ ಫೈನಲ್‌ನ ಕೊನೆಯ ಪಂದ್ಯದಲ್ಲಿ, ಮೂರನೆಯ ಓವರ್‌ಟೈಮ್‌ವರೆಗೆ ಒಂದೂ ಗೋಲು ಬಿಡದೆ 63 ಹೊಡೆತಗಳನ್ನು ತಡೆದು, ಅದೇ ತಂಡಕ್ಕೆ ಕಪ್ ತಂದುಕೊಟ್ಟರು. ಗೋಲಿಯನ್ನು ಯಾವ ಗಳಿಗೆಯಲ್ಲಿ ಹೊರಗೆ ಕರೆಯಬೇಕೆಂಬುದನ್ನು ಕೋಚ್ ಒಬ್ಬ ತಪ್ಪಿದರೆ ಏನಾಗುತ್ತದೆಂಬುದನ್ನು ಇವರಷ್ಟು ಹತ್ತಿರದಿಂದ ಅನುಭವಿಸಿದವರು ಇರಲಾರರು.

ವಿಚಿತ್ರವೆಂದರೆ ಅವರ ಕೋಚ್ ವೃತ್ತಿಯ ಹೆಸರಾಂತ ನಡೆಯೂ ಗೋಲಿಯನ್ನು ಹೊರಗೆ ಕರೆಯುವುದೇ. ತಂಡ ಹಿಂದುಳಿದಾಗ ಕೊನೆಯಲ್ಲಿ ಗೋಲನ್ನು ಖಾಲಿ ಬಿಟ್ಟು ಆರನೆಯ ಆಕ್ರಮಣಕಾರನನ್ನು ಇಳಿಸುವುದು ಹಳೆಯ ತಂತ್ರ, ಆದರೆ ಬಹುತೇಕ ಕೋಚ್‌ಗಳು ಕೊನೆಯ ಒಂದು ನಿಮಿಷದವರೆಗೆ ಕಾಯುತ್ತಿದ್ದರು. 2013ರಲ್ಲಿ ಕೊಲೊರಾಡೊದ ಮುಖ್ಯ ಕೋಚ್ ಆಗಿ ಬಂದ ರುವಾ ಎರಡೂವರೆ, ಮೂರು ನಿಮಿಷ ಉಳಿದಿರುವಾಗಲೇ ತಮ್ಮ ಗೋಲಿ ಸೆಮ್ಯೋನ್ ವಾರ್ಲಾಮೋವ್ ಅವರಿಗೆ ಕೈಬೀಸುತ್ತಿದ್ದರು. 2014ರ ಪ್ಲೇಆಫ್‌ನಲ್ಲಿ ಮಿನೆಸೋಟಾ ಎದುರಿನ ಮೊದಲ ಪಂದ್ಯದಲ್ಲಿ ಹೀಗೆ ಮಾಡಿದಾಗ, ಹದಿಮೂರು ಸೆಕೆಂಡು ಉಳಿದಿರಲು ಪಾಲ್ ಸ್ಟ್ಯಾಸ್ನಿ ಸಮಗೋಲು ಹೊಡೆದು, ಓವರ್‌ಟೈಮ್‌ನಲ್ಲಿ ಪಂದ್ಯವನ್ನೂ ಗೆದ್ದುಕೊಟ್ಟರು. ಇಂದು ಲೀಗಿನ ಎಲ್ಲ ತಂಡಗಳೂ ಹಿಂದಿಗಿಂತ ಬೇಗ ಗೋಲು ಖಾಲಿ ಮಾಡುತ್ತವೆ. ಆ ಜೂಜಿಗೆ ಮೊದಲು ಎದೆಗೊಟ್ಟವರಲ್ಲಿ ಗೋಲಿಯೇ ಆಗಿದ್ದವರೊಬ್ಬರು ಇದ್ದರೆಂಬುದು ನನಗೆ ಇವರ ವೃತ್ತಿಜೀವನದ ಅತ್ಯಂತ ಸೊಗಸಾದ ಭಾಗ.

ಕೋಪ ಮಾತ್ರ ವೃತ್ತಿಯೊಂದಿಗೆ ಬದಲಾಗಲಿಲ್ಲ. ಎನ್‌ಎಚ್‌ಎಲ್ ಕೋಚ್ ಆಗಿ ಆಡಿಸಿದ ಮೊದಲ ಪಂದ್ಯದಲ್ಲೇ ಎರಡು ಬೆಂಚುಗಳ ನಡುವಿನ ಗಾಜಿನ ತಡೆಯನ್ನು ಎದುರಾಳಿ ಕೋಚ್‌ನತ್ತ ತಳ್ಳಿ 10,000 ಡಾಲರ್ ದಂಡ ತೆತ್ತರು. ಅದೇ ಋತುವಿನಲ್ಲಿ ತಂಡ 52 ಪಂದ್ಯ ಗೆದ್ದು 112 ಅಂಕ ಗಳಿಸಿತು, ಅವರಿಗೆ ಶ್ರೇಷ್ಠ ಕೋಚ್‌ಗೆ ಕೊಡುವ ಜಾಕ್ ಆಡಮ್ಸ್ ಪ್ರಶಸ್ತಿ ಬಂತು. 2016ರ ಆಗಸ್ಟಿನಲ್ಲಿ, ತಂಡದ ತೀರ್ಮಾನಗಳಲ್ಲಿ ತನ್ನ ಮಾತಿಗೆ ಬೆಲೆಯಿಲ್ಲವೆಂದು, ಹೊಸ ಋತುವಿಗೆ ಕೆಲವೇ ವಾರಗಳಿರುವಾಗ ರಾಜೀನಾಮೆ ಕೊಟ್ಟು ಹೊರಟರು. ಬಳಿಕ ಹುಟ್ಟೂರಿನ ಕಿರಿಯರ ತಂಡ ರೆಂಪಾರ್ಟ್ಸ್‌ಗೆ ಮರಳಿದರು. ಅಲ್ಲಿ 2006ರಲ್ಲೇ ಒಮ್ಮೆ ಮೆಮೋರಿಯಲ್ ಕಪ್ ಗೆಲ್ಲಿಸಿದ್ದ ಅವರು 2023ರಲ್ಲಿ ಎರಡನೆಯ ಸಲ ಗೆಲ್ಲಿಸಿದರು. 2024ರ ಜನವರಿ 20ರಂದು ನ್ಯೂಯಾರ್ಕ್ ಐಲ್ಯಾಂಡರ್ಸ್ ಋತುವಿನ ನಡುವೆ ಕರೆದಾಗ ಹೋಗಿ, ತಂಡವನ್ನು ಪ್ಲೇಆಫ್‌ವರೆಗೆ ತಲುಪಿಸಿದರು. ಆಗ ಅಲ್ಲಿದ್ದ ಇಬ್ಬರು ಗೋಲಿಗಳಲ್ಲಿ ಒಬ್ಬರು, ಅದೇ ವಾರ್ಲಾಮೋವ್.

ಈ ಸ್ಥಳದ ಬಗ್ಗೆ ನನ್ನ ತಕರಾರು ಇಲ್ಲಿಯೇ. ಆಟಗಾರರು ಒಂದು ವಿಭಾಗ, ತಂಡ ಕಟ್ಟಿದವರು ಮತ್ತು ಕೋಚ್‌ಗಳು ಇನ್ನೊಂದು ವಿಭಾಗ ಎಂದು ಹಾಲ್ ಆಫ್ ಫೇಮ್ ಮನುಷ್ಯರನ್ನು ಖಾನೆಗಳಲ್ಲಿ ಇಡುತ್ತದೆ. ಒಬ್ಬನೇ ಮನುಷ್ಯ ಒಂದು ಖಾನೆಯಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋದ ಕಥೆ ಈ ಜೋಡಣೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಗೋಲಿ ಮಕ್ಕಳಿರುವ ತಂದೆತಾಯಿಯರು ಮನೆಯಲ್ಲೇ ಸ್ವಲ್ಪ ಓದಿಕೊಂಡು ಹೋಗಬೇಕೆಂಬುದು ನನ್ನ ಸಲಹೆ. ಮೂರು ಗಂಟೆ ಸಮಯ ಸಾಕು. ಸ್ಮರಣಿಕೆಗಳ ಅಂಗಡಿಯನ್ನು ಅವಸರದಲ್ಲಿ ದಾಟಿಬಿಡುವುದು ಜೇಬಿಗೆ ಕ್ಷೇಮ. ಊಟಕ್ಕೆ ಅದೇ ಕಟ್ಟಡದ ಫುಡ್ ಕೋರ್ಟ್ ಇದೆ, ನಾವು ಮಾತ್ರ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ಯೂನಿಯನ್ ನಿಲ್ದಾಣದ ಬೆಂಚಿನ ಮೇಲೆ ತಿಂದೆವು.

ಹೊರಡುವ ಮುನ್ನ ಮತ್ತೊಮ್ಮೆ ಕಪ್ಪಿನ ಬಳಿ ಹೋದೆವು. ಅದರ ಬುಡದ ಒಂದೊಂದು ಪಟ್ಟಿಯಲ್ಲಿ ಹದಿಮೂರು ವಿಜೇತ ತಂಡಗಳ ಹೆಸರು ಕೆತ್ತಿರುತ್ತಾರೆ, ಹೀಗಾಗಿ ರುವಾ ಅವರ 1993, 1996 ಮತ್ತು 2001ರ ಹೆಸರುಗಳು ಒಂದೇ ಪಟ್ಟಿಯಲ್ಲಿವೆ, 1986ರದು ಅದರ ಮೇಲಿನ ಪಟ್ಟಿಯಲ್ಲಿ. ನಾಲ್ಕನ್ನೂ ಪತ್ತೆಹಚ್ಚಿದ ಮಗ, ಕೋಚ್ ಆಗಿ ಗೆದ್ದ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಕೇಳಿದ. ಕೋಚ್ ಆಗಿ ಈ ಕಪ್ಪನ್ನು ಅವರು ಗೆದ್ದಿಲ್ಲ ಎಂದೆ. ನಮ್ಮ ಹಿಂದಿನವರು ಕಪ್ಪನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳಲು ಕಾಯುತ್ತಿದ್ದರು. ನೀನೂ ಒಮ್ಮೆ ಮುಟ್ಟು ಎಂದು ಹೇಳಿದರೆ ಮಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಗೆಲ್ಲುವ ಮೊದಲು ಮುಟ್ಟಿದವರು ಎಂದೂ ಗೆಲ್ಲುವುದಿಲ್ಲವೆಂದು ಆಟಗಾರರಲ್ಲಿ ನಂಬಿಕೆಯಿದೆಯಂತೆ.