ಖಾಲಿ ಮನೆಯ ಮೊದಲ ಹಾಸಿಗೆ: ಪಂಪ್ ಇರುವ ಏರ್ ಬೆಡ್ ಹೇಗಿದೆ?

ಹೊರದೇಶದಲ್ಲಿ ಖಾಲಿ ಮನೆ ಬಾಡಿಗೆಗೆ ಹಿಡಿದರೆ ಮೊದಲ ತಲೆನೋವು ಮಲಗೋದೆಲ್ಲಿ ಅನ್ನುವುದು. ಪಾತ್ರೆ ಎರಡೇ ಇದ್ದರೂ ನಡೆಯುತ್ತದೆ, ಕುರ್ಚಿ ಇಲ್ಲದಿದ್ದರೂ ನಡೆಯುತ್ತದೆ, ಆದರೆ ನಿದ್ದೆ ಕೆಟ್ಟರೆ ಮಾರನೇ ದಿನ ಬ್ಯಾಂಕು, ಸಿಮ್ಮು, ಕರೆಂಟ್ ಕನೆಕ್ಷನ್ ಅಂತ ಓಡಾಡಲು ತ್ರಾಣವೇ ಇರುವುದಿಲ್ಲ. ನಾನು ತೆಗೆದುಕೊಂಡದ್ದು ಒಳಗೇ ಪಂಪ್ ಇರುವ, ಮೊಣಕಾಲೆತ್ತರದ ಡಬಲ್ ಏರ್ ಬೆಡ್. ಮಂಚ ಬರುವ ತನಕ ಬಹಳ ಒಳ್ಳೆಯದು. ಮಂಚದ ಬದಲಿಗೆ ಅಂತ ಕೊಳ್ಳಬೇಡಿ.

ಸ್ವಿಚ್ ಹಾಕಿದರೆ ಕೆಲವೇ ನಿಮಿಷದಲ್ಲಿ ತುಂಬುತ್ತದೆ. ಸದ್ದು ಮಾತ್ರ ವ್ಯಾಕ್ಯೂಮ್ ಕ್ಲೀನರ್ ತರಹ, ಹಾಗಾಗಿ ರಾತ್ರಿ ಹೊತ್ತು ಶುರು ಮಾಡಿ ಹೊಸ ನೆರೆಯವರನ್ನು ಎಬ್ಬಿಸಬೇಡಿ. ಎತ್ತರ ಇರುವುದರಿಂದ ಏಳಲು ಸುಲಭ. ಇಬ್ಬರು ಮಲಗಿದರೆ ಒಬ್ಬರು ಮಗ್ಗುಲು ಬದಲಿಸಿದ ಕೂಡಲೇ ಇನ್ನೊಬ್ಬರಿಗೆ ಎಚ್ಚರ!

ಮೊದಲ ಕೆಲವು ರಾತ್ರಿ ಬೆಳಗಾಗುವಷ್ಟರಲ್ಲಿ ಹಾಸಿಗೆ ಮೆತ್ತಗಾಗಿರುತ್ತದೆ. ತೂತಾಗಿದೆ ಅಂತ ವಾಪಸ್ ಕಳಿಸುವ ಮುಂಚೆ ಸ್ವಲ್ಪ ತಡೀರಿ. ಹಾಸಿಗೆಯ ಹೊಸ ಪಿವಿಸಿ ಪ್ಲಾಸ್ಟಿಕ್ ಮೊದಮೊದಲು ಹಿಗ್ಗುತ್ತದೆ, ಜೊತೆಗೆ ಗಾಳಿ ತಣ್ಣಗಾದರೆ ಕುಗ್ಗುತ್ತದೆ. ಹೀಟರ್ ಹಾಕಿದ ಕೋಣೆಯಲ್ಲಿ 25 ಡಿಗ್ರಿ ಇದ್ದಾಗ ತುಂಬಿದ ಗಾಳಿ ಬೆಳಗಿನ ಜಾವ 10 ಡಿಗ್ರಿಗೆ ಇಳಿದರೆ ನೂರಕ್ಕೆ ಸುಮಾರು 5ರಷ್ಟು ಕಡಿಮೆಯಾಗುತ್ತದೆ, ಅಷ್ಟು ಸಾಕು ಸೊಂಟ ಕುಸಿಯಲು. ಆಮೇಲೂ ಇಳಿಯುತ್ತಿದ್ದರೆ ಮುಚ್ಚಳದ ಸುತ್ತ, ಹೊಲಿಗೆಯಂತೆ ಕಾಣುವ ಅಂಚಿಗೆ ಸೋಪಿನ ನೀರು ಸವರಿ. ಗುಳ್ಳೆ ಬಂದ ಕಡೆ ಸೋರಿಕೆ ಇದೆ.

ನಿಜವಾದ ದೋಷ ಚಳಿ. ಇದನ್ನು ಯಾಕೋ ಯಾರೂ ಹೇಳುವುದಿಲ್ಲ. ಒಳಗಿನ ಗಾಳಿ ಸುಮ್ನೆ ಕೂರುವುದಿಲ್ಲ, ಓಡಾಡಿಕೊಂಡು ಮೈಯ ಬಿಸಿಯನ್ನು ನೆಲಕ್ಕೆ ದಾಟಿಸುತ್ತಿರುತ್ತದೆ. ಮೇಲೆ ಎಷ್ಟು ಹೊದ್ದರೂ ಬೆನ್ನು ತಣ್ಣಗೆ. ಒಂದೇ ಕಂಬಳಿ ಇದ್ದರೆ ಅದನ್ನು ಮೈ ಕೆಳಗೆ ಹಾಸಿ, ಮೇಲೆ ಜಾಕೆಟ್ ಹೊದ್ದುಕೊಳ್ಳಿ. ಸಾಮಾನು ಬಂದ ರಟ್ಟಿನ ಡಬ್ಬಿಗಳನ್ನು ಬಿಚ್ಚಿ ಹಾಸಿಗೆಯ ಅಡಿಗೆ ಹಾಕಿದರೆ ನೆಲದ ಥಂಡಿಯೂ ಕಡಿಮೆ, ಮೊಳೆಯೋ ಪಿನ್ನೋ ಚುಚ್ಚುವ ಭಯವೂ ಕಡಿಮೆ.

ಇನ್ನು ಪಂಪಿನ ವಿಷಯ. ಫೋನ್ ಚಾರ್ಜರ್ ಸಾಮಾನ್ಯವಾಗಿ 100ರಿಂದ 240 ವೋಲ್ಟ್ ತನಕ ತಡೆಯುತ್ತದೆ, ಈ ಪಂಪುಗಳು ಹಾಗಲ್ಲ. 120 ವೋಲ್ಟಿನ ದೇಶದಲ್ಲಿ ಕೊಂಡದ್ದನ್ನು 230ಕ್ಕೆ ಚುಚ್ಚಿದರೆ ಸುಡುತ್ತದೆ. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ಹೋದ ದೇಶದಲ್ಲೇ ಕೊಳ್ಳಿ, ಲೇಬಲ್ ಓದಿ.

ನನಗೆ ಇದರಿಂದ ಆದ ದೊಡ್ಡ ಲಾಭ ಅಂದರೆ ಮಂಚಕ್ಕೆ ಅವಸರ ಪಡಬೇಕಾಗಲಿಲ್ಲ. ಯಾವ ಗೋಡೆ ಥಂಡಿ, ಯಾವ ಕೋಣೆಗೆ ರಸ್ತೆಯ ಗಲಾಟೆ ಜಾಸ್ತಿ, ಮೆಟ್ಟಿಲಿನ ತಿರುವಿನಲ್ಲಿ ಮಂಚ ಹತ್ತುತ್ತದಾ ಇಲ್ಲವಾ, ಇವೆಲ್ಲ ಅಲ್ಲಿ ವಾಸ ಮಾಡಿದ ಮೇಲೇ ಗೊತ್ತಾಗುವುದು ಅಲ್ವಾ? ಹಾಸಿಗೆಯ ಅಳತೆಯೂ ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ದುಬಾರಿ ಬೆಡ್‌ಶೀಟನ್ನೂ ಆಮೇಲೇ ಕೊಳ್ಳಿ.

ಬೆನ್ನುನೋವು ಇರುವವರು ಇದನ್ನು ಬಿಟ್ಟು ಫೋಮ್ ಹಾಸಿಗೆಯನ್ನೇ ತರಿಸಿಕೊಂಡು ಸದ್ಯಕ್ಕೆ ನೆಲದ ಮೇಲೆ ಹಾಕಿಕೊಳ್ಳಿ. ಎಳೆ ಮಗು ಇದ್ದರೆ ಅದನ್ನು ಏರ್ ಬೆಡ್ ಮೇಲೆ ಮಲಗಿಸಲೇಬೇಡಿ. 15 ತಿಂಗಳೊಳಗಿನ ಮಕ್ಕಳಿಗೆ ಉಸಿರುಗಟ್ಟುವ ಅಪಾಯ ಇದೆ.