ಆಲ್ ಟೈಮ್ ಒನ್‌ಡೇ ಟೀಮ್‌ಗೆ ನಂಬರ್ 3: ರಿಚರ್ಡ್ಸ್ ಬೇಕಾ ಕೊಹ್ಲಿ ಬೇಕಾ?

ಬರೀ ನಂಬರ್ ನೋಡಿದ್ರೆ ಕೊಹ್ಲಿನೇ ಬಿಡಿ, ಆವರೇಜ್ 57ರ ಮೇಲಿದೆ, 2023ರ ವರ್ಲ್ಡ್ ಕಪ್ ಸೆಮೀಸ್‌ನಲ್ಲಿ ವಾಂಖೆಡೆಲಿ 50ನೇ ಸೆಂಚುರಿ ಹೊಡೆದು ಸಚಿನ್ ರೆಕಾರ್ಡ್ ಮುರಿದ, ಚೇಸಿಂಗ್ ಅಂದ್ರಂತೂ ಕೇಳೋದೇ ಬೇಡ. ವೆಸ್ಟ್ ಇಂಡೀಸ್‌ನ ವಿವಿಯನ್ ರಿಚರ್ಡ್ಸ್‌ದು 187 ಮ್ಯಾಚು, ಆವರೇಜ್ 47, ಸೆಂಚುರಿ ಬರೀ 11. ಆದ್ರೆ ಸ್ಟ್ರೈಕ್ ರೇಟ್ (ನೂರು ಬಾಲಿಗೆ ಎಷ್ಟು ರನ್ ಅಂತ) ನೋಡಿ, 90! ಅದೂ ಹೆಲ್ಮೆಟ್ ಹಾಕ್ದೆ, ಬಾಯಲ್ಲಿ ಚೂಯಿಂಗ್ ಗಮ್ ಜಗೀತಾ, ಆಗ ಈಗಿನ ದಪ್ಪ ಬ್ಯಾಟೂ ಇರ್ಲಿಲ್ಲ. 1984ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಟೀಮ್ 272, ಅದ್ರಲ್ಲಿ ಇವನೊಬ್ಬಂದೇ 189 ನಾಟೌಟ್, ಕೊನೇ ವಿಕೆಟ್‌ಗೆ ಬೌಲರ್ ಮೈಕೆಲ್ ಹೋಲ್ಡಿಂಗ್ ಜೊತೆ 106 (ಹೋಲ್ಡಿಂಗ್ ಹೊಡೆದಿದ್ದು ಬರೀ 12 ಮಾರಾಯ್ರೆ). ಚೇಸ್ ಇದ್ರೆ ಕೊಹ್ಲಿ ತಗೊಳ್ಳಿ, ಮೊದ್ಲು ಬ್ಯಾಟಿಂಗ್ ಅಂದ್ರೆ ನನ್ ವೋಟು ರಿಚರ್ಡ್ಸ್‌ಗೇ.